ನಿಷ್ಪ್ರತೀಕಾರ ರೋಗವೊಂದರ ಇತಿಹಾಸ: ಹೃದಯದ ಲಯ ಕಾಯುವ ಯಂತ್ರಗಳು

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಯೋಗ್ಯವಾದ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ವೃದ್ಧಾಪ್ಯ, ರೋಗ ಎಂಬ ನಾಲ್ಕನ್ನು ಎಣಿಸಿ, ಅವು ನಿಷ್ಪ್ರತೀಕಾರವಾಗಿರಬೇಕೆಂಬ ನಿಯಮವನ್ನು ವಿಧಿಸಿದ್ದಾರೆ. ಪ್ರತೀಕಾರವೆಂದರೆ ಇಲ್ಲಿ ಸೇಡು ಎಂಬ ಅರ್ಥವಲ್ಲ. ಪರಿಹಾರ, ಚಿಕಿತ್ಸೆ ಎಂದು ಅರ್ಥ. ಪರಿಹಾರವಿಲ್ಲದ ರೋಗ ಬೇರೆ, ಪರಿಹಾರವಿದ್ದೂ ಅಲಕ್ಷಿಸಿದ ರೋಗ ಬೇರೆ. ಈ ಒಂದು ಪದದ ಭಾರವನ್ನು ತಿಳಿಯಬೇಕಾದರೆ ಯಾವುದಾದರೊಂದು ರೋಗದ ಇತಿಹಾಸವನ್ನು ನೋಡಬೇಕು. ಒಂದು ತಲೆಮಾರಿಗೆ ನಿಷ್ಪ್ರತೀಕಾರವಾಗಿದ್ದುದು ಮುಂದಿನ ತಲೆಮಾರಿಗೆ ಸಾಧಾರಣ ಶಸ್ತ್ರಕ್ರಿಯೆಯಾಗಿ ಪರಿಣಮಿಸಿದ ನಿದರ್ಶನಗಳಲ್ಲಿ ಹೃದಯದ ಲಯಭಂಗವು ಮುಖ್ಯವಾದುದು.

ಆರೋಗ್ಯವಂತನ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಈ ಮಿಡಿತಕ್ಕೆ ಆಜ್ಞೆ ಮೆದುಳಿನಿಂದ ಬರುವುದಿಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಒಂದು ಸಣ್ಣ ಗಂಟಿನಲ್ಲಿ ಸೂಕ್ಷ್ಮ ವಿದ್ಯುತ್ ಹುಟ್ಟಿ, ನಡುವಿನ ಇನ್ನೊಂದು ಗಂಟನ್ನು ದಾಟಿ, ಕೆಳಗಿನ ಹೃತ್ಕುಕ್ಷಿಗಳಿಗೆ ಹರಿಯುತ್ತದೆ. ನಡುವಿನ ಗಂಟನ್ನು 1906ರಲ್ಲಿ ಜಪಾನಿನ ಸುನಾವೊ ತವಾರ ಅವರೂ, ಮೇಲಿನ ಗಂಟನ್ನು 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅವರೂ ಗುರುತಿಸಿದರು. ಈ ದಾರಿಯಲ್ಲಿ ವಿದ್ಯುತ್ ಕಡಿದುಹೋದರೆ ಮೇಲಿನ ಕೋಣೆಗಳು ಒಂದು ಲೆಕ್ಕದಲ್ಲಿ, ಕೆಳಗಿನವು ಇನ್ನೊಂದು ಲೆಕ್ಕದಲ್ಲಿ ಮಿಡಿಯತೊಡಗುತ್ತವೆ. ನಾಡಿಯು ನಿಮಿಷಕ್ಕೆ 30 ಅಥವಾ ಅದಕ್ಕೂ ಕೆಳಗಿಳಿಯುತ್ತದೆ. ಕೆಲವೊಮ್ಮೆ ಹಲವು ಕ್ಷಣ ನಿಂತೇ ಬಿಡುತ್ತದೆ. ರೋಗಿಯು ಕುಳಿತಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ಜನರು ‘ಬ್ಲಾಕ್’ ಎನ್ನುವುದುಂಟು. ಇದು ಅದಲ್ಲ, ಇಲ್ಲಿ ತಡೆಯುಂಟಾಗಿರುವುದು ರಕ್ತಕ್ಕಲ್ಲ, ವಿದ್ಯುತ್ ಸಂಚಾರಕ್ಕೆ. ಡಬ್ಲಿನ್ ನಗರದ ವೈದ್ಯರಾದ ರಾಬರ್ಟ್ ಆಡಮ್ಸ್ 1827ರಲ್ಲಿಯೂ ವಿಲಿಯಂ ಸ್ಟೋಕ್ಸ್ 1846ರಲ್ಲಿಯೂ ಈ ಮೂರ್ಛೆಯನ್ನು ವರ್ಣಿಸಿದರು. ವರ್ಣಿಸುವುದರಾಚೆ ಅವರು ಮಾಡಬಹುದಾದುದು ಏನೂ ಇರಲಿಲ್ಲ. ಮುಂದಿನ ನೂರು ವರ್ಷವೂ ಈ ರೋಗ ನಿಷ್ಪ್ರತೀಕಾರವಾಗಿಯೇ ಉಳಿಯಿತು.

ನಿಂತ ಹೃದಯವನ್ನು ಕ್ರಮಬದ್ಧವಾದ ವಿದ್ಯುತ್ ಸ್ಪರ್ಶದಿಂದ ನಡೆಸಬಹುದೆಂದು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಜಾನ್ ಮ್ಯಾಕ್‌ವಿಲಿಯಂ 1889ರಲ್ಲಿಯೇ ಬರೆದಿದ್ದರು. ಅದನ್ನು ಮನುಷ್ಯನ ಮೇಲೆ ಸಫಲವಾಗಿ ಪ್ರಯೋಗಿಸಿದವರು ಆಸ್ಟ್ರೇಲಿಯದ ವೈದ್ಯ ಮಾರ್ಕ್ ಲಿಡ್ವಿಲ್. ಭೌತವಿಜ್ಞಾನಿ ಎಡ್ಗರ್ ಬೂತ್ ಅವರೊಡನೆ ಸೇರಿ ನಿರ್ಮಿಸಿದ ಉಪಕರಣದಿಂದ ಅವರು ಸಿಡ್ನಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ, ಹುಟ್ಟುವಾಗಲೇ ಮಿಡಿತವಿಲ್ಲದಿದ್ದ ಶಿಶುವಿನ ಹೃದಯಕ್ಕೆ ಸೂಜಿಯ ಮೂಲಕ ವಿದ್ಯುತ್ ಹಾಯಿಸಿದರು. 10 ನಿಮಿಷಗಳ ಬಳಿಕ ಯಂತ್ರವನ್ನು ನಿಲ್ಲಿಸಿದಾಗ ಹೃದಯವು ತಾನಾಗಿಯೇ ಮಿಡಿಯುತ್ತಿತ್ತು. ಈ ಕಾರ್ಯವನ್ನು ಅವರು 1929ರಲ್ಲಿ ವೈದ್ಯರ ಸಭೆಗೆ ತಿಳಿಸಿದರು. ಕೃತಕವಾಗಿ ಪ್ರಾಣವನ್ನು ಹಿಡಿದಿಡುವುದರ ಬಗ್ಗೆ ವಿವಾದವೇಳಬಹುದೆಂದು ಶಂಕಿಸಿ ಲಿಡ್ವಿಲ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಹೆಸರನ್ನೂ ಬಯಸಲಿಲ್ಲ. ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ 1932ರಲ್ಲಿ ಕೈಯಿಂದ ಕೀಲಿ ಕೊಡುವ ಯಂತ್ರವೊಂದನ್ನು ಪ್ರಕಟಿಸಿ ‘ಕೃತಕ ಪೇಸ್‌ಮೇಕರ್’ ಎಂಬ ಹೆಸರನ್ನು ಬಳಕೆಗೆ ತಂದರು. ಲೋಕವು ಅದನ್ನು ಸಂಶಯದಿಂದಲೇ ಕಂಡಿತು.

ಎರಡನೆಯ ಮಹಾಯುದ್ಧದ ನಂತರ ಕಾರ್ಯವು ತ್ವರೆಗೊಂಡಿತು. ಕೆನಡದ ಟೊರಾಂಟೊ ನಗರದಲ್ಲಿ ಇಂಜಿನಿಯರ್ ಜಾನ್ ಹಾಪ್ಸ್ ಅವರು ವೈದ್ಯರಾದ ಬಿಗೆಲೋ ಮತ್ತು ಕ್ಯಾಲಹನ್ ಅವರಿಗಾಗಿ 1950ರಲ್ಲಿ ಒಂದು ಯಂತ್ರವನ್ನು ರಚಿಸಿದರು. ಬಾಸ್ಟನ್ನಿನ ಪಾಲ್ ಜೋಲ್ 1952ರಲ್ಲಿ ಎದೆಯ ಚರ್ಮದ ಮೇಲಿಂದಲೇ ವಿದ್ಯುತ್ ಹಾಯಿಸಿ ರೋಗಿಯೊಬ್ಬನನ್ನು ಎರಡು ದಿನಗಳಿಗೂ ಮೀರಿ ಬದುಕಿಸಿಕೊಂಡು, ಅವನು ಚೇತರಿಸಿಕೊಳ್ಳುವಂತೆ ಮಾಡಿದರು. ಆದರೆ ಪ್ರತಿಯೊಂದು ಮಿಡಿತಕ್ಕೂ ಎದೆಯ ಸ್ನಾಯು ಬಿಗಿದುಕೊಂಡು ನೋವಾಗುತ್ತಿತ್ತು, ಚರ್ಮ ಸುಡುತ್ತಿತ್ತು. ಮೇಲಾಗಿ ಯಂತ್ರದ ತಂತಿಯು ಗೋಡೆಯ ವಿದ್ಯುತ್ತಿಗೆ ಬಂಧಿತವಾಗಿದ್ದುದರಿಂದ ರೋಗಿಯ ಬದುಕು ಆ ತಂತಿಯಷ್ಟೇ ಉದ್ದವಿತ್ತು.

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಾಲ್ಟನ್ ಲಿಲಹೈ ಎಂಬ ಶಸ್ತ್ರವೈದ್ಯರು ಹುಟ್ಟಿನಿಂದಲೇ ಹೃದಯದೋಷವುಳ್ಳ ಮಕ್ಕಳಿಗೆ ಶಸ್ತ್ರಕ್ರಿಯೆ ನಡೆಸುತ್ತಿದ್ದರು. ಹೊಲಿಗೆಯ ವೇಳೆ ಕೆಲವು ಮಕ್ಕಳ ಹೃದಯದ ವಿದ್ಯುತ್ ಮಾರ್ಗಕ್ಕೆ ಧಕ್ಕೆ ತಗುಲುತ್ತಿತ್ತು. ಅಂಥ ಮಕ್ಕಳಿಗೆ 1957ರಿಂದ ಹೃದಯಕ್ಕೇ ತಂತಿ ಜೋಡಿಸಿ ಹೊರಗಿನ ಯಂತ್ರದಿಂದ ಮಿಡಿತ ಕೊಡುತ್ತಿದ್ದರು. ಅದೇ ವರ್ಷದ ಅಕ್ಟೋಬರ್ 31ರಂದು ನಗರದಲ್ಲಿ ಗಂಟೆಗಟ್ಟಲೆ ವಿದ್ಯುತ್ ನಿಂತಿತು. ಇಂಥ ಆಶ್ರಯವನ್ನು ನೆಚ್ಚುವುದು ಎಷ್ಟು ಅಪಾಯಕರವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಲಿಲಹೈ ಅವರು ಆಸ್ಪತ್ರೆಯ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಅರ್ಲ್ ಬಾಕನ್ ಎಂಬವರನ್ನು ಕರೆದು ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಕೇಳಿದರು. ಬಾಕನ್ 1949ರಲ್ಲಿ ಬಂಧುವೊಬ್ಬರೊಡನೆ ಪಾಲುದಾರರಾಗಿ, ಒಂದು ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಎಂಬ ಸಂಸ್ಥೆಯನ್ನು ತೆರೆದಿದ್ದರು. ಸಂಗೀತಗಾರರು ತಾಳಕ್ಕಾಗಿ ಬಳಸುವ ಮೆಟ್ರೊನೋಮ್ ಯಂತ್ರದ ನಕ್ಷೆಯೊಂದು ಪತ್ರಿಕೆಯಲ್ಲಿ ಪ್ರಕಟವಾಗಿದ್ದುದು ಅವರ ನೆನಪಿಗೆ ಬಂತು. ಅದನ್ನೇ ಆಧಾರವಾಗಿರಿಸಿಕೊಂಡು ಸುಮಾರು ನಾಲ್ಕು ವಾರಗಳಲ್ಲಿ ಕೊರಳಿಗೆ ತೂಗುಹಾಕಬಹುದಾದ ಸಣ್ಣ ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ತಾಳ ಹಿಡಿಯುವ ವಿದ್ಯೆಯೇ ಹೀಗೆ ಹೃದಯಕ್ಕೂ ತಾಳ ಹಿಡಿಯಿತು.

ಯಂತ್ರವನ್ನು ಸಂಪೂರ್ಣವಾಗಿ ದೇಹದೊಳಗಿಟ್ಟ ಮೊದಲ ಶಸ್ತ್ರಕ್ರಿಯೆ ನಡೆದುದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. ರೋಗಿಯ ಹೆಸರು ಆರ್ನೆ ಲಾರ್ಸನ್, ವಯಸ್ಸು 43. ದಿನವೊಂದರಲ್ಲಿ ಹಲವು ಬಾರಿ ಪ್ರಜ್ಞೆ ತಪ್ಪಿ ಸಾವಿನಂಚಿಗೆ ಹೋಗಿ ಬರುತ್ತಿದ್ದ ಪತಿಗಾಗಿ ಎಲ್ಸೆ ಮರಿಯಾ ಅವರು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡದೆ ಕಾಡಿದರು. ಮನುಷ್ಯರಿಗೆ ಅಳವಡಿಸುವ ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂಬ ಉತ್ತರವನ್ನು ಆಕೆ ಒಪ್ಪಲಿಲ್ಲ. ಎಲ್ಮ್‌ಕ್ವಿಸ್ಟ್ ಎರಡು ಟ್ರಾನ್ಸಿಸ್ಟರುಗಳ ಯಂತ್ರವನ್ನು ಬೂಟ್ ಪಾಲಿಷಿನ ಡಬ್ಬಿಯಲ್ಲಿ ಎಪಾಕ್ಸಿ ಅಂಟನ್ನು ಸುರಿದು ಎರಕ ಹೊಯ್ದರು. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಬದಲಿಗೆ ಇಟ್ಟ ಎರಡನೆಯದೂ ಬಹುಕಾಲ ನಡೆಯಲಿಲ್ಲ. ಆದರೂ ಲಾರ್ಸನ್ ಉಳಿದರು. ಜೀವಿತಾವಧಿಯಲ್ಲಿ 20ಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಂಡು, ಯಂತ್ರ ರಚಿಸಿದವರೂ ಅಳವಡಿಸಿದವರೂ ಕಾಲವಾದ ಮೇಲೆಯೂ ಬದುಕಿದ್ದು, 2001ರಲ್ಲಿ 86ನೆಯ ವಯಸ್ಸಿನಲ್ಲಿ ಮೃತರಾದರು. ಮರಣಕ್ಕೆ ಕಾರಣ ಹೃದಯವಲ್ಲ, ಕ್ಯಾನ್ಸರ್.

ಅದೇ ಕಾಲದಲ್ಲಿ ಅಮೆರಿಕದ ಬಫಲೊ ನಗರದ ವಿಲ್ಸನ್ ಗ್ರೇಟ್‌ಬ್ಯಾಚ್ ಅವರು ಹೃದಯದ ಶಬ್ದವನ್ನು ದಾಖಲಿಸುವ ಯಂತ್ರ ಮಾಡುವಾಗ ತಪ್ಪಾದ ಬೆಲೆಯ ರೆಸಿಸ್ಟರ್ ಒಂದನ್ನು ಜೋಡಿಸಿಬಿಟ್ಟರು. ಯಂತ್ರವು ದಾಖಲಿಸುವ ಬದಲು ತಾನೇ ಹೃದಯದಂತೆ ಬಿಟ್ಟುಬಿಟ್ಟು ಮಿಡಿಯಿತು. ಗ್ರೇಟ್‌ಬ್ಯಾಚ್ ಆ ತಪ್ಪನ್ನು ಬಿಸಾಡಲಿಲ್ಲ. 2,000 ಡಾಲರ್ ಉಳಿತಾಯವನ್ನು ಬಂಡವಾಳವಾಗಿಸಿ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕುಳಿತು 50 ಯಂತ್ರಗಳನ್ನು ಕೈಯಿಂದಲೇ ಮಾಡಿದರು. ವೈದ್ಯರಾದ ಚಾರ್ಡಾಕ್ ಮತ್ತು ಗೇಜ್ ಅವರು 1960ರಲ್ಲಿ ಅವನ್ನು ರೋಗಿಗಳಿಗೆ ಅಳವಡಿಸತೊಡಗಿದರು. ತಯಾರಿಕೆಯ ಹಕ್ಕನ್ನು ಬಾಕನ್ ಅವರ ಸಂಸ್ಥೆ ಪಡೆಯಿತು. ಪಾದರಸದ ಬ್ಯಾಟರಿಗಳು ಸುಮಾರು ಎರಡು ವರ್ಷಕ್ಕೇ ಬರಿದಾಗುತ್ತಿದ್ದುದರಿಂದ ಗ್ರೇಟ್‌ಬ್ಯಾಚ್ 1970ರ ದಶಕದಲ್ಲಿ ಲಿಥಿಯಂ ಅಯೋಡೈಡ್ ಬ್ಯಾಟರಿಯನ್ನು ಬಳಕೆಗೆ ತಂದರು. ಯಂತ್ರದ ಆಯುಸ್ಸು ಹಲವು ಪಟ್ಟು ಹೆಚ್ಚಿತು. ಎದೆಯನ್ನು ಸೀಳದೆ ರಕ್ತನಾಳದ ಮೂಲಕವೇ ತಂತಿಯನ್ನು ಹೃದಯಕ್ಕೆ ಇಳಿಸುವ ಕ್ರಮವನ್ನು ನ್ಯೂಯಾರ್ಕಿನ ಸೀಮೋರ್ ಫರ್ಮನ್ 1958ರಲ್ಲಿಯೇ ತೋರಿಸಿದ್ದರು. ಈ ಎರಡೂ ಸೇರಿದಾಗ ಹೃದಯದ ತಡೆಯು ನಿಷ್ಪ್ರತೀಕಾರ ರೋಗಗಳ ಪಟ್ಟಿಯಿಂದ ಹೊರಬಿತ್ತು. 2016ರಲ್ಲಿ ಅಮೆರಿಕ ಸರ್ಕಾರದ ಅನುಮತಿ ಪಡೆದ ಹೊಸ ಬಗೆಯ ಪೇಸ್‌ಮೇಕರಿಗೆ ತಂತಿಯೇ ಇಲ್ಲ. ದೊಡ್ಡ ಗುಳಿಗೆಯಷ್ಟಿರುವ ಅದನ್ನು ಹೃದಯದೊಳಗೇ ಕೂರಿಸುತ್ತಾರೆ.

ಈ ಸಾಧನೆಯ ಲೆಕ್ಕಪುಸ್ತಕದಲ್ಲಿ ಖರ್ಚಿನ ಪುಟವೂ ಇದೆ. ಟೊರಾಂಟೊ, ಬಫಲೊ, ಮಿನಿಯಾಪೊಲಿಸ್ ಎಲ್ಲೆಡೆಯೂ ಯಂತ್ರಗಳನ್ನು ಮೊದಲು ಪರೀಕ್ಷಿಸಿದುದು ನಾಯಿಗಳ ಮೇಲೆ. ಯಂತ್ರ ನಡೆಯುತ್ತದೆಯೇ ಎಂದು ನೋಡಲು ಆರೋಗ್ಯವಂತ ನಾಯಿಯ ಹೃದಯದಲ್ಲಿ ಬೇಕೆಂದೇ ತಡೆಯನ್ನು ಉಂಟುಮಾಡಬೇಕಾಗುತ್ತಿತ್ತು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಜೈನ ವಿವೇಕವು ಇದನ್ನು ಸುಲಭವಾಗಿ ದಾಟಿಹೋಗಲಾರದು. ಫಲ ಶುಭವಾದುದೆಂದು ಸಂಕಲ್ಪದ ದೋಷ ಅಳಿಯುವುದಿಲ್ಲ. ದೋಷವಿದೆಯೆಂದು ಆ ಯಂತ್ರದಿಂದ ಉಳಿದ ಮಗುವಿನ ಪ್ರಾಣ ಹಗುರವಾಗುವುದೂ ಇಲ್ಲ. ಉಪಕಾರ ಪಡೆದವರು ಋಣವನ್ನು ಮರೆಯಬಾರದೆಂಬಷ್ಟು ಮಾತು ನಿಶ್ಚಿತ. ಲಾರ್ಸನ್ ಅವರ ಶಸ್ತ್ರಕ್ರಿಯೆಯ ಮರುವರ್ಷವೇ, 1959ರಲ್ಲಿ, ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅವರು ಪ್ರಾಣಿಗಳಿಗೆ ಬದಲಿ ಹುಡುಕುವುದು, ಸಂಖ್ಯೆ ತಗ್ಗಿಸುವುದು, ನೋವು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಭಾರತದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂದುದು 1960ರಲ್ಲಿ. ಆ ಸೂತ್ರಗಳು ಪ್ರಯೋಗಶಾಲೆಗಳಲ್ಲಿ ನಡೆಯುವಂತೆ ಒತ್ತಾಯಿಸುವುದು ಋಣ ತೀರಿಸುವ ಒಂದು ಮಾರ್ಗ.

ಹೃದಯವು ನಿಧಾನವಾಗುವುದು ಒಂದು ರೋಗವಾದರೆ, ಹತೋಟಿ ತಪ್ಪಿ ಕಂಪಿಸುವುದು ಇನ್ನೊಂದು. ಹೃತ್ಕುಕ್ಷಿಯು ಕಂಪಿಸತೊಡಗಿದರೆ ರಕ್ತ ಮುಂದೆ ಹರಿಯದು. ಕೆಲವೇ ನಿಮಿಷಗಳಲ್ಲಿ ಮರಣ. ಪೋಲೆಂಡಿನಲ್ಲಿ ಹುಟ್ಟಿ, ಯುದ್ಧದಲ್ಲಿ ಕುಟುಂಬವನ್ನೇ ಕಳೆದುಕೊಂಡು, ಇಸ್ರೇಲಿನಲ್ಲಿ ವೈದ್ಯರಾಗಿದ್ದ ಮಿಶೆಲ್ ಮಿರೋವ್‌ಸ್ಕಿ ಅವರು 1960ರ ದಶಕದಲ್ಲಿ ತಮ್ಮ ಗುರುವನ್ನು ಇದೇ ರೋಗದಿಂದ ಕಳೆದುಕೊಂಡರು. ಕಂಪನವನ್ನು ತಾನೇ ಗುರುತಿಸಿ, ತಾನೇ ವಿದ್ಯುದಾಘಾತ ಕೊಟ್ಟು ನಿಲ್ಲಿಸುವ ಯಂತ್ರವನ್ನು ದೇಹದೊಳಗಿಡಬೇಕೆಂಬುದು ಅವರ ಹಟವಾಯಿತು. ಅಮೆರಿಕದ ಬಾಲ್ಟಿಮೋರಿಗೆ ಬಂದು ಮಾರ್ಟನ್ ಮೋವರ್ ಅವರೊಡನೆ ಕೆಲಸಕ್ಕೆ ತೊಡಗಿದರು. ಪ್ರಸಿದ್ಧ ಹೃದ್ರೋಗ ತಜ್ಞ ಬರ್ನಾರ್ಡ್ ಲೌನ್ ಅವರೇ 1972ರಲ್ಲಿ ಈ ಯೋಜನೆಯನ್ನು ಬಹಿರಂಗವಾಗಿ ಟೀಕಿಸಿದರು. ಮಿರೋವ್‌ಸ್ಕಿ ಕೈಬಿಡಲಿಲ್ಲ. 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಲೀವೈ ವಾಟ್ಕಿನ್ಸ್ ಅವರು ಮಹಿಳೆಯೊಬ್ಬರಿಗೆ ಅದನ್ನು ಮೊದಲ ಬಾರಿ ಅಳವಡಿಸಿದರು. 1985ರಲ್ಲಿ ಸರ್ಕಾರದ ಅನುಮತಿ ದೊರೆಯಿತು. ಡಿಫಿಬ್ರಿಲೇಟರ್ ಎಂಬ ಈ ಯಂತ್ರದ ಉಪಯೋಗವು ಮುಂದೆ ಅಂಕಿಅಂಶಗಳಿಂದಲೂ ಸಿದ್ಧವಾಯಿತು. ಹೃದಯಾಘಾತದಿಂದ ದುರ್ಬಲರಾದ 1,232 ರೋಗಿಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾದಾಗ, ಯಂತ್ರವಿಲ್ಲದವರಲ್ಲಿ ಶೇಕಡ 19.8 ಮಂದಿಯೂ ಯಂತ್ರವಿದ್ದವರಲ್ಲಿ ಶೇಕಡ 14.2 ಮಂದಿಯೂ ಮೃತರಾಗಿದ್ದರು.

ಮೂರನೆಯದು ಹೃದಯದ ವೈಫಲ್ಯ. ವೈಫಲ್ಯವೆಂದರೆ ಹೃದಯ ನಿಂತಿತೆಂದಲ್ಲ, ಬೇಕಾದಷ್ಟು ರಕ್ತವನ್ನು ನೂಕಲಾರದಾಯಿತೆಂದು ಅರ್ಥ. ಇಂಥವರಲ್ಲಿ ಕೆಲವರಿಗೆ ಎಡ ಮತ್ತು ಬಲ ಭಾಗಗಳು ಒಟ್ಟಿಗೆ ಸಂಕೋಚಿಸದೆ ಹಿಂದೆ ಮುಂದೆ ಆಗುತ್ತವೆ. ಒಂದೇ ಬಂಡಿಯ ಎರಡು ಎತ್ತುಗಳು ಜೊತೆ ತಪ್ಪಿ ಹೆಜ್ಜೆ ಹಾಕಿದಂತೆ ಶ್ರಮ ಹೆಚ್ಚು, ಫಲ ಕಡಿಮೆ. ಎರಡೂ ಬದಿಗೆ ತಂತಿಯಿಟ್ಟು ಜೊತೆಗೂಡಿಸುವ ಚಿಕಿತ್ಸೆಯನ್ನು ಫ್ರಾನ್ಸಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ಯೂರೋಪಿನ 813 ರೋಗಿಗಳ ಅಧ್ಯಯನವು 2005ರಲ್ಲಿ ಹೊರಬಂದಾಗ, ಕೇವಲ ಔಷಧಿ ಪಡೆದವರಲ್ಲಿ ಶೇಕಡ 30 ಮಂದಿಯೂ ಈ ಯಂತ್ರವನ್ನೂ ಪಡೆದವರಲ್ಲಿ ಶೇಕಡ 20 ಮಂದಿಯೂ ಮೃತರಾಗಿದ್ದುದು ಕಂಡುಬಂತು.

ಇಷ್ಟು ಉಪಕಾರಿಯಾದ ವಸ್ತುವು ವ್ಯಾಪಾರದ ಸರಕೂ ಹೌದು. ಆದ್ದರಿಂದ ವ್ಯಾಪಾರಧರ್ಮದ ಪ್ರಶ್ನೆಯೂ ಇದರ ಇತಿಹಾಸದಲ್ಲಿ ಬಂದೇ ಬರುತ್ತದೆ. ಅಮೆರಿಕದ ಗೈಡಂಟ್ ಎಂಬ ಸಂಸ್ಥೆಯ ಒಂದು ಮಾದರಿಯ ಡಿಫಿಬ್ರಿಲೇಟರಿನಲ್ಲಿ ತಂತಿಗಳು ಪರಸ್ಪರ ತಗುಲಿ ಯಂತ್ರ ಕೆಡುವ ದೋಷವಿತ್ತು. ಸಂಸ್ಥೆಯು ಅದನ್ನರಿತು 2002ರಲ್ಲಿ ತಯಾರಿಕೆಯನ್ನು ತಿದ್ದಿಕೊಂಡಿತು. ಆದರೆ ದೋಷವಿದ್ದ ಹಳೆಯ ದಾಸ್ತಾನನ್ನು ಮಾರುವುದನ್ನು ನಿಲ್ಲಿಸಲಿಲ್ಲ, ವೈದ್ಯರಿಗೂ ತಿಳಿಸಲಿಲ್ಲ. 2005ರ ಮಾರ್ಚಿಯಲ್ಲಿ 21 ವರ್ಷದ ವಿದ್ಯಾರ್ಥಿಯೊಬ್ಬನಿಗೆ ಬೇಕಾದ ಗಳಿಗೆಯಲ್ಲಿ ಯಂತ್ರ ಕೆಲಸ ಮಾಡದೆ ಅವನು ಮೃತನಾದನು. ಮಿನಿಯಾಪೊಲಿಸಿನ ವೈದ್ಯರಾದ ಬ್ಯಾರಿ ಮ್ಯಾರನ್ ಮತ್ತು ರಾಬರ್ಟ್ ಹಾಸರ್ ಅವರು ಕಂಪನಿಯ ಮೌನವನ್ನು ಒಪ್ಪದೆ ಪತ್ರಿಕೆಯ ಮೂಲಕ ವಿಷಯವನ್ನು ಹೊರಗೆಡಹಿದರು. 2010ರಲ್ಲಿ ಸಂಸ್ಥೆ ತಪ್ಪನ್ನೊಪ್ಪಿಕೊಂಡಿತು. 2011ರಲ್ಲಿ ನ್ಯಾಯಾಲಯವು ಸುಮಾರು 29.6 ಕೋಟಿ ಡಾಲರುಗಳ ದಂಡ ವಿಧಿಸಿತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದು ಒಂದು. ಒಳ್ಳೆಯ ಸರಕಿನ ಹೆಸರಿನಲ್ಲಿ ಹೀನವಾದುದನ್ನು ಕೊಡುವುದು ಅದರ ಲಕ್ಷಣ. ತುಪ್ಪದಲ್ಲಿ ಕೊಬ್ಬನ್ನು ಬೆರೆಸುವ ಅಂಗಡಿಯವನೂ, ದೋಷವನ್ನು ಬಲ್ಲ ಮೇಲೂ ಹಳೆಯ ದಾಸ್ತಾನನ್ನು ಹೊಸದರ ಬೆಲೆಗೇ ಮಾರಿದ ದೊಡ್ಡ ಸಂಸ್ಥೆಯೂ ಒಂದೇ ಅತಿಚಾರಕ್ಕೆ ಒಳಗಾದವರು. ಗಮನಿಸತಕ್ಕ ವಿಷಯವೆಂದರೆ, ಯಂತ್ರದಲ್ಲಿ ದೋಷವಿದ್ದುದೇ ಅಪರಾಧವಲ್ಲ. ಎಲ್ಮ್‌ಕ್ವಿಸ್ಟ್ ಅವರ ಮೊದಲ ಯಂತ್ರವೂ ಕೆಟ್ಟಿತ್ತು. ಆದರೆ ಅದು ಕೆಟ್ಟಿತೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ದೋಷವನ್ನು ಹೇಳಿದಲ್ಲಿ ವಿದ್ಯೆ ಬೆಳೆಯಿತು; ಮುಚ್ಚಿಟ್ಟಲ್ಲಿ ಪ್ರಾಣ ಹೋಯಿತು.

ಇನ್ನು ಮನೆಮನೆಗೂ ಸಂಬಂಧಿಸಿದ ಪ್ರಶ್ನೆ. ಆಯುಷ್ಯವು ಕರ್ಮದಿಂದ ನಿಶ್ಚಿತವಾಗಿರುವಾಗ ಯಂತ್ರದಿಂದ ಅದನ್ನು ಬೆಳೆಸಲು ಹೊರಡುವುದು ಸರಿಯೇ ಎಂದು ಕೆಲವು ಹಿರಿಯರು ಶಂಕಿಸುವುದುಂಟು. ತತ್ತ್ವಾರ್ಥಸೂತ್ರವು ಕೆಲವು ಜೀವಗಳ ಆಯುಷ್ಯ ಮಾತ್ರ ನಡುವೆ ಕುಂದದೆಂದು ಹೇಳುವುದರಿಂದ, ಉಳಿದವರ ಆಯುಷ್ಯಕ್ಕೆ ಬಾಹ್ಯ ನಿಮಿತ್ತಗಳಿಂದ ಅಕಾಲದಲ್ಲಿ ಕುಂದು ಬರಬಹುದೆಂದು ಟೀಕಾಕಾರರು ವಿವರಿಸಿದ್ದಾರೆ. ಹಾಗಾದರೆ ಪೇಸ್‌ಮೇಕರ್ ಹೊಸ ಆಯುಷ್ಯವನ್ನು ಸೃಷ್ಟಿಸುವುದಿಲ್ಲ. ಅಕಾಲ ಮರಣದ ನಿಮಿತ್ತವೊಂದನ್ನು ನಿವಾರಿಸುತ್ತದೆ. ಆದುದರಿಂದ ನಾಡಿ ನಿಧಾನವಾಗಿ ಮೂರ್ಛೆ ಹೋಗುವ ಹಿರಿಯರಿಗೆ ಚಿಕಿತ್ಸೆ ಕೊಡಿಸದೆ, ಅದನ್ನು ವೈರಾಗ್ಯವೆಂದು ಕರೆಯುವುದು ಉಚಿತವಲ್ಲ. 1950ರಲ್ಲಿ ಆ ರೋಗವು ನಿಷ್ಪ್ರತೀಕಾರವಾಗಿತ್ತು, ಈಗ ಅಲ್ಲ.

ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ಡಿಫಿಬ್ರಿಲೇಟರ್ ಇರಿಸಿಕೊಂಡವರಿಗೂ ಮುಂದೊಂದು ದಿನ ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ ಅಥವಾ ತೀರ ಮುಪ್ಪು ಬರುತ್ತದೆ. ದೇಹ ಶಾಂತವಾಗಿ ತೆರಳುವ ಹೊತ್ತಿನಲ್ಲಿ ಯಂತ್ರವು ಅದನ್ನರಿಯದೆ ಆಘಾತ ಕೊಡುತ್ತಲೇ ಇರಬಹುದು. ಅಮೆರಿಕದಲ್ಲಿ ಈ ಯಂತ್ರವಿದ್ದು ಮೃತರಾದ 100 ಮಂದಿಯ ಬಂಧುಗಳನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಯಂತ್ರವನ್ನು ನಿಲ್ಲಿಸುವ ಬಗ್ಗೆ ವೈದ್ಯರು ಮಾತನಾಡಿದುದು 27 ಮಂದಿಯ ವಿಷಯದಲ್ಲಿ ಮಾತ್ರ. 8 ಮಂದಿಗೆ ಕಡೆಯ ನಿಮಿಷಗಳಲ್ಲಿಯೂ ಆಘಾತ ಬಿದ್ದಿತ್ತು. ಸಮಾಧಿಮರಣವನ್ನು ಬಯಸುವ ಜೀವಕ್ಕೆ ಇದಕ್ಕಿಂತ ವಿಘ್ನ ಬೇರೊಂದಿಲ್ಲ. ಆಘಾತದ ಭಾಗವನ್ನು ಮಾತ್ರ ನಿಲ್ಲಿಸಲು ಶಸ್ತ್ರಕ್ರಿಯೆ ಬೇಕಿಲ್ಲ. ಹೊರಗಿನಿಂದಲೇ ಕೆಲವು ನಿಮಿಷಗಳಲ್ಲಿ ಮಾಡಬಹುದು. ರೋಗಿ ಅರಿತು ಕೇಳಿದರೆ ಹಾಗೆ ನಿಲ್ಲಿಸುವುದು ದಯಾಮರಣವೂ ಅಲ್ಲ, ಆತ್ಮಹತ್ಯೆಗೆ ನೆರವೂ ಅಲ್ಲವೆಂದು ಅಮೆರಿಕದ ಹೃದಯಲಯ ತಜ್ಞರ ಸಂಘವು 2010ರಲ್ಲಿ ಸ್ಪಷ್ಟಪಡಿಸಿತು.

ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನೂ, ಮುಂಚಿತವಾಗಿ ಲಿಖಿತ ನಿರ್ದೇಶನ ನೀಡುವ ಹಕ್ಕನ್ನೂ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಸಲ್ಲೇಖನೆಯನ್ನು ಅಪರಾಧವೆಂದ ರಾಜಸ್ಥಾನ ಉಚ್ಚ ನ್ಯಾಯಾಲಯದ 2015ರ ಆಗಸ್ಟ್ 10ರ ತೀರ್ಪಿಗೆ ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿದುದನ್ನು ಸಮಾಜವು ಮರೆತಿಲ್ಲ. ಇಂಥ ಕಾಲದಲ್ಲಿ ಯಂತ್ರದ ವಿಷಯವಾಗಿ ಹಿರಿಯರ ಇಚ್ಛೆಯೇನೆಂಬುದನ್ನು ಅವರ ಬುದ್ಧಿ ಸ್ಥಿರವಾಗಿರುವಾಗಲೇ, ವೈದ್ಯರ ಸಮ್ಮುಖದಲ್ಲಿ ಕೇಳಿ ಬರೆದಿಡುವುದು ಮಕ್ಕಳ ಕರ್ತವ್ಯ. ನಿಧಾನ ನಾಡಿಗೆಂದು ಇಟ್ಟ ಪೇಸ್‌ಮೇಕರಿನ ಮಾತು ಬೇರೆ. ಅದು ಆಘಾತ ಕೊಡುವುದಿಲ್ಲ, ಸಹಜ ಮರಣವನ್ನು ತಡೆಯುವುದೂ ಇಲ್ಲ. ನಿಲ್ಲಿಸಿದರೆ ಮೂರ್ಛೆ ಮತ್ತು ಉಸಿರಾಟದ ಕಷ್ಟ ಮರಳಬಹುದು. ಈ ಎರಡನ್ನೂ ಒಂದೇ ಎಂದು ಭ್ರಮಿಸಬಾರದು.

ಮರಣಾನಂತರದ ಒಂದು ವಿಷಯವನ್ನೂ ತಿಳಿದಿರಬೇಕು. ದೇಹದೊಳಗಿನ ಯಂತ್ರವು ಬೆಂಕಿಯಲ್ಲಿ ಬಿಸಿಯಾದಾಗ ಬ್ಯಾಟರಿ ಸಿಡಿಯಬಹುದು. ಬ್ರಿಟನ್ನಿನ ಚಿತಾಗಾರಗಳನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಉತ್ತರಿಸಿದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಇಂಥ ಸಿಡಿತವನ್ನು ಕಂಡಿದ್ದರು. ಆದುದರಿಂದ ದಹನಸಂಸ್ಕಾರಕ್ಕೆ ಮೊದಲು ಆಸ್ಪತ್ರೆಯವರಿಗೆ ತಿಳಿಸಿ ಅದನ್ನು ತೆಗೆಸಬೇಕು. ಡಿಫಿಬ್ರಿಲೇಟರ್ ಆಗಿದ್ದರೆ, ತೆಗೆಯುವವರಿಗೆ ಆಘಾತ ತಗುಲದಂತೆ ಮೊದಲು ಅದನ್ನು ನಿಲ್ಲಿಸಬೇಕು. ಯಂತ್ರದ ಮಾದರಿ ಮತ್ತು ಸಂಖ್ಯೆಯಿರುವ ಗುರುತಿನ ಚೀಟಿಯನ್ನು ಮನೆಯಲ್ಲಿ ಎಲ್ಲರಿಗೂ ತಿಳಿದ ಸ್ಥಳದಲ್ಲಿಟ್ಟಿದ್ದರೆ ದುಃಖದ ಗಳಿಗೆಯಲ್ಲಿ ಪರದಾಡಬೇಕಾಗಿಲ್ಲ.

ಹಾಗೆ ತೆಗೆದ ಯಂತ್ರಗಳಲ್ಲಿ ಇನ್ನೂ ಶಕ್ತಿ ಉಳಿದಿರುವುದುಂಟು. ಅಮೆರಿಕದಲ್ಲಿ ಮೃತರಾದವರಿಂದ ಬಂದ ಯಂತ್ರಗಳನ್ನು ಶುದ್ಧೀಕರಿಸಿ, ಕೊಳ್ಳಲಾರದ ರೋಗಿಗಳಿಗೆ ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಅಳವಡಿಸಲಾಯಿತು. ಡಿಫಿಬ್ರಿಲೇಟರ್ ಪಡೆದ 81 ಮಂದಿಯ ವಿವರವು 2012ರಲ್ಲಿ ಪ್ರಕಟವಾದಾಗ ಅವರಲ್ಲಿ ಸೋಂಕು ಕಂಡುಬಂದಿರಲಿಲ್ಲ. ಆದರೆ ತಯಾರಕರು ಈ ಯಂತ್ರಗಳನ್ನು ಒಮ್ಮೆ ಮಾತ್ರ ಬಳಸತಕ್ಕವೆಂದು ಗುರುತಿಸಿರುತ್ತಾರೆ. ಮರುಬಳಕೆಯು ಕಾನೂನು ಮತ್ತು ತಜ್ಞರ ಹೊಣೆಗೆ ಸೇರಿದ ವಿಷಯ. ಟ್ರಸ್ಟುಗಳು ತಾವೇ ಸಂಗ್ರಹಕ್ಕೆ ತೊಡಗುವುದು ಸಲ್ಲದು. ಅವುಗಳ ಕೈಯಲ್ಲಿರುವ ನೇರವಾದ ಮಾರ್ಗ ಬೇರೆಯಿದೆ. ಆಯುಷ್ಮಾನ್ ಭಾರತದಂಥ ಸರ್ಕಾರಿ ಯೋಜನೆಯಲ್ಲಿ ಪೇಸ್‌ಮೇಕರ್ ಅಳವಡಿಕೆ ಸೇರಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಲಭ್ಯವಿದೆ. ಹಳ್ಳಿಯ ಬಡ ರೋಗಿಗೆ ಕೊರತೆಯಾಗುವುದು ಬಹಳ ವೇಳೆ ಯಂತ್ರವಲ್ಲ. ದಾರಿ ತೋರುವವರು, ಕಾಗದಪತ್ರ ಸಿದ್ಧಪಡಿಸುವವರು, ಊಟ ವಸತಿಗೆ ನೆರವಾಗುವವರು, ಬ್ಯಾಟರಿ ಮುಗಿದಾಗ ಹೊಸ ಯಂತ್ರಕ್ಕೆ ಉಳಿದ ಹಣವನ್ನು ಭರಿಸುವವರು.

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಹಿಂದಿನವರು ಬಸದಿಗಳ ಆಶ್ರಯದಲ್ಲಿ ದತ್ತಿ ಬಿಟ್ಟರು. ಈಗಿನ ಟ್ರಸ್ಟುಗಳು ವಾರ್ಷಿಕ ಆಯವ್ಯಯದಲ್ಲಿ ಇದಕ್ಕೊಂದು ಬಾಬನ್ನು ತೆರೆದರೆ ಆ ಪರಂಪರೆಯು ಮುಂದುವರಿಯುತ್ತದೆ. ಪರಿಹಾರವಿರುವ ರೋಗವು ಬಡತನದ ಕಾರಣದಿಂದ ಒಬ್ಬನ ಪಾಲಿಗೆ ನಿಷ್ಪ್ರತೀಕಾರವಾಗುವುದನ್ನು ತಪ್ಪಿಸುವುದು ಸಮಾಜದ ಕೈಯಲ್ಲಿದೆ.